ಹುಣಸೆಮರದ ಸ್ಟಾಪಲ್ಲಿ ಹತ್ತಿದ ಮೂವತ್ತು ಜನ

ನಾನು ರಿಟೈರ್ಡ್ ಮನುಷ್ಯ. ವಯಸ್ಸು ಹತ್ತೊಂಬತ್ತು. ನಗಬ್ಯಾಡ್ರಿ. ಸರ್ಕಾರಿ ನೌಕರಿಯೋರಿಗೆ ಅರವತ್ತು ವರ್ಷಕ್ಕೆ ಬರೋ ಸೊಂಟನೋವು, ಕಿವಿ ಮಂದ ಆಗೋದು, ಊಟ ಸೇರದಿರೋದು, ಇವೆಲ್ಲ ಪ್ರೈವೇಟ್ ಬಸ್ಸಿನ ಕ್ಲೀನರ್‌ಗೆ ನಾಕೇ ವರ್ಷಕ್ಕೆ ಸಿಗ್ತವೆ. ಪೆನ್ಷನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ನಂಗೂ ಬಂದೈತೆ. ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗೋ ಹಳದಿ ಬಸ್ಸಿನ ಬಾಗಿಲಿಗೆ ನಾಕು ವರ್ಷ ನೇತಾಡಿ, ಈಗ ಹಿರಿಯೂರಲ್ಲಿ ಸೋದರಮಾವನ ಪಂಚರ್ ಅಂಗಡೀಲಿ ನಿವೃತ್ತಿ ಜೀವನ ಕಳೀತಿದೀನಿ. ಬೀಳ್ಕೊಡುಗೆ ಸಮಾರಂಭ ಆಗ್ಲಿಲ್ಲ. ಯಾರಾದ್ರೂ ಹಾರ ಹಿಡ್ಕಂಡು ಬಂದಿದ್ರೂ ನಾನು ಸೀಟಿನ ಅಡೀಲಿ ಅವಿತ್ಕಂತಿದ್ದೆ. ಯಾಕೆ ಅಂತ ಹೇಳಾಕೇ ಇದನ್ನ ಬರೀತಿರೋದು.

ಹೊಸದಾಗಿ ಫುಟ್‌ಬೋರ್ಡ್ ಹತ್ತೋ ಹುಡುಗರೇ, ಈ ಕೆಲಸಕ್ಕೆ ಬೇಕಾಗಿರೋದು ಮೂರು. ಗಂಟಲು, ವಾಸ್ನೆ ಹಿಡಿಯದಿರೋ ಮೂಗು, ಒಂದು ಸೀಟಿ. ಗಂಟಲು ಊರಿನ ಹೆಸರು ಕೂಗಾಕೆ. ನಾನು ಹೊಳಲ್ಕೆರೆ ಬಸ್‌ಸ್ಟ್ಯಾಂಡಲ್ಲಿ ‘ದುರ್ಗಾ ದುರ್ಗಾ ದುರ್ಗಾ’ ಅಂದ್ರೆ ಚಿತ್ರದುರ್ಗದ ಕೋಟೆ ಮೇಲಿನ ಕೋತಿಗಳು ಲಗೇಜ್ ಕಟ್ಕಂತಿದ್ವು. ಮೂಗು ಯಾಕೆ ಬ್ಯಾಡ ಅಂದ್ರೆ, ಹೊಟ್ಟೆ ತೊಳಸಿದೋರು ಕಿಟಕಿ ಕಡೆ ತಿರುಗೋ ಮುಂಚೆ ಯಾವಾಗ್ಲೂ ಕ್ಲೀನರ್ ಕಡೇನೇ ತಿರುಗ್ತಾರೆ. ಇನ್ನು ಸೀಟಿ. ಒಂದು ಊದಿದ್ರೆ ನಿಲ್ಸು, ಎರಡು ಊದಿದ್ರೆ ಹೋಗಾಣ. ಇಡೀ ಬಸ್ಸಿನ ಕಾನೂನು ಇಷ್ಟೇ.

ಇಷ್ಟನ್ನೂ ನಾನು ಮೊದಲ್ನೇ ವಾರದಲ್ಲೇ ಕೆಡಿಸಿದ್ದೆ. ಹೊಳಲ್ಕೆರೇಲಿ ಕಂಡಕ್ಟರ್ ತಿಪ್ಪೇಸ್ವಾಮಿ ಟೀ ಕುಡಿಯಾಕೆ ಇಳಿದಿದ್ದ. ನಾನು ಹೊಸ ಹುರುಪಲ್ಲಿ ಎರಡು ಸೀಟಿ ಊದೇಬಿಟ್ಟೆ. ಬಸ್ಸು ಹೊರಡ್ತು. ಊರು ದಾಟಿ ಎಷ್ಟೋ ದೂರ ಹೋದ ಮೇಲೆ ಒಬ್ಬ ಅಜ್ಜ ಟಿಕೆಟ್ ಕೇಳಿದ. ಆಗ ಎಲ್ರೂ ಹುಡುಕಿದ್ವಿ, ಕಂಡಕ್ಟರೇ ಇಲ್ಲ. ಆಮೇಲೆ ತಿಪ್ಪೇಸ್ವಾಮಿ ಹಾಲಿನ ವ್ಯಾನಲ್ಲಿ ಕ್ಯಾನುಗಳ ಮಧ್ಯ ಕುಂತ್ಕಂಡು ಬಂದ, ಕೈಯಲ್ಲಿ ಟೀ ಲೋಟ ಹಂಗೇ ಐತೆ. ನಾನು ಈ ಕಥೆ ಹೇಳುವಾಗ ಆತನ ಮೀಸೆ ತುಂಬ ಹಾಲಿನ ಕೆನೆ ಇತ್ತು ಅಂತ ಸೇರಿಸ್ತಿದ್ದೆ. ಇರ್ಲಿಲ್ಲ. ಆದ್ರೆ ಕೆನೆ ಸೇರಿಸಿದ್ರೆ ಜನ ಜಾಸ್ತಿ ನಗ್ತಿದ್ರು.

ಇದನ್ನ ಮನಸ್ಸಲ್ಲಿಟ್ಕಳ್ರಿ. ಕೆನೆ ಸೇರಿಸೋದು ನನ್ನ ರೋಗ.

ಮೇಲಿನೋರ ವಿಚಾರಕ್ಕೆ ಬರಾಣ. ನಮ್ಮ ಡ್ರೈವರ್ ರುದ್ರಣ್ಣ. ಮಾತನ್ನ ಡೀಸಲ್ ಅನ್ಕಂಡಿದ್ದ ಮನುಷ್ಯ, ಸಿಕ್ಕಾಪಟ್ಟೆ ಉಳಿಸ್ತಿದ್ದ. ಬೆಳಗ್ಗೆ ‘ಹೂಂ’, ಸಂಜೆ ‘ಆಯ್ತು’, ಹಬ್ಬ ಇದ್ರೆ ಎರಡೂ. ಸ್ಟೇರಿಂಗ್ ಬಿಟ್ಟು ಬೇರೆ ಕೆಲಸ ಆತಂಗೆ ಗೊತ್ತಿರ್ಲಿಲ್ಲ. ಹೊಲ ಇಲ್ಲ, ಅಂಗಡಿ ಇಲ್ಲ, ಆ ಬಸ್ಸು ಓಡಿದ್ರೇನೇ ಮನೆ ಒಲೆ. ಕಂಡಕ್ಟರನ್ನ ಬಿಟ್ಟು ಬಂದಾಗ್ಲೂ ಆತ ನನ್ನ ಹೊಡೀಲಿಲ್ಲ, ಬೈಲಿಲ್ಲ. ಸುಮ್ನೆ ಕನ್ನಡೀಲಿ ನೋಡ್ತಿದ್ದ. ಅದು ಹೊಡೆತಕ್ಕಿಂತ ಹೆಚ್ಚಿಗೆ ಉರೀತಿತ್ತು.

ನಮ್ಮ ಹಿಂದೆ ಹತ್ತು ನಿಮಿಷಕ್ಕೆ ಒಂದು ನೀಲಿ ಬಸ್ಸು. ಅದರ ಡ್ರೈವರ್ ಬಸಣ್ಣ. ಆತ ಎಷ್ಟು ದಪ್ಪ ಅಂದ್ರೆ ಆತ ಇಳಿದ್ರೆ ಬಸ್ಸು ನಾಕು ಬೆರಳು ಮೇಲೆ ಬರ್ತಿತ್ತು. ಇದು ಕೆನೆ ಅಲ್ಲ, ಬೇಕಾದ್ರೆ ಹೋಗಿ ನೋಡ್ರಿ. ಬೆಳಗ್ಗೆ ಹೊಸದುರ್ಗದಿಂದ ದುರ್ಗಕ್ಕೆ ಹೋಗುವಾಗ ನಾವು ಮುಂದೆ, ನೀಲಿ ಹಿಂದೆ. ಸಂಜೆ ವಾಪಸ್ ಬರುವಾಗ ನೀಲಿ ಮುಂದೆ, ನಾವು ಹಿಂದೆ. ಇದರ ಮೇಲೇ ಎಲ್ಲ ನಿಂತೈತೆ, ಅದಕ್ಕೇ ಬಿಡಿಸಿ ಹೇಳ್ತೀನಿ. ಮುಂದಿರೋ ಬಸ್ಸು ಪ್ರತಿ ಸ್ಟಾಪಲ್ಲೂ ಎಳಕಂಡು ನಿಂತ್ರೆ ಹಿಂದಿನ ಬಸ್ಸಿನ ಜನಾನೂ ಬಾಚ್ಕಂಡು ಹೋಗಬಹುದು. ಹಿಂದಿನೋರಿಗೆ ಸಿಗೋದು ಧೂಳು. ಆದ್ರೆ ಬೆಳಗ್ಗೆ ಬಾಚಿದೋನು ಸಂಜೆ ಧೂಳು ತಿನ್ಬೇಕು.

ನಾನು ಸೇರೋ ಮುಂಚೆ ಇದೇ ನಡೀತಿತ್ತಂತೆ. ಬೆಳಗ್ಗೆ ನಾವು ಅವರ ಹೊಟ್ಟೆ ಮೇಲೆ, ಸಂಜೆ ಅವರು ನಮ್ಮ ಹೊಟ್ಟೆ ಮೇಲೆ. ಇಬ್ರೂ ದಿನಕ್ಕೊಂದು ಟ್ರಿಪ್ ಖಾಲಿ ಸೀಟು ಹೊತ್ಕಂಡು ಅಲೀತಿದ್ರು. ಒಂದು ಬೆಳಗ್ಗೆ ಬಸ್ಸಲ್ಲಿ ಬೀಗರ ಊಟಕ್ಕೆ ಹೋಗೋರು ಅವಸರ ಮಾಡ್ತಿದ್ರು ಅಂತ ರುದ್ರಣ್ಣ ಹೊಸದುರ್ಗ-ಹೊಳಲ್ಕೆರೆ ಮಧ್ಯದ ಹುಣಸೆಮರದ ಸ್ಟಾಪಲ್ಲಿ ನಿಲ್ಲಿಸ್ದೆ ಹೋದ. ಅಲ್ಲಿದ್ದೋರೆಲ್ಲ ನೀಲಿ ಬಸ್ಸಿಗೆ ಸಿಕ್ರು. ಬಸಣ್ಣ ಅದನ್ನ ಏನಂತ ತಿಳ್ಕಂಡ್ನೋ, ಅವತ್ತು ಸಂಜೆ ತಾನೂ ಅದೇ ಮರದತ್ರ ನಿಲ್ಲಿಸ್ಲಿಲ್ಲ, ನಮಗೆ ಬಿಟ್ಟ. ಮಾರ್ನೇ ದಿನ ರುದ್ರಣ್ಣ ‘ಹೂಂ’ ಅಂದು ಮತ್ತೆ ಬಿಟ್ಟ. ಅಷ್ಟೇ. ಯಾರೂ ಮೀಟಿಂಗ್ ಮಾಡ್ಲಿಲ್ಲ, ಯಾವ ದೇವರ ಮೇಲೂ ಆಣೆ ಇಕ್ಕಲಿಲ್ಲ. ಮುಂದಿನ ಬಸ್ಸು ಮರ ಬಿಡಬೇಕು ಅನ್ನೋದು ತಾನಾಗೇ ಬೆಳಕಂತು. ಆಮೇಲೆ ಒಬ್ಬರ ಫ್ಯಾನ್ ಬೆಲ್ಟ್ ಕಿತ್ರೆ ಇನ್ನೊಬ್ರು ಕೊಡೋರು. ಒಬ್ಬರ ಬಸ್ಸು ಕೆಟ್ಟು ನಿಂತ್ರೆ ಹಿಂದಿನೋರು ಆ ಜನಾನ ಮತ್ತೆ ಟಿಕೆಟ್ ತಗಸದೆ ಹತ್ತಿಸ್ಕಂಡು ಹೋಗೋರು. ನಾನು ಸೇರೋ ಹೊತ್ತಿಗೆ ಇದೆಲ್ಲ ಊರ ಕೆರೆ ಏರಿಯಷ್ಟೇ ಹಳೇದು ಅನ್ನಂಗೆ ನಡೀತಿತ್ತು.

ಮರದ ಕೆಳಗೆ ನಿಂತೋರಿಗೆ ಇದು ಅರ್ಥ ಆಗ್ತಿರ್ಲಿಲ್ಲ. ಸೀಟು ಖಾಲಿ ಕಾಣ್ತೈತೆ, ಕೈ ಅಡ್ಡ ಹಾಕ್ತಾರೆ, ಬಸ್ಸು ನಿಲ್ಲಲ್ಲ. ಬೈಗುಳ ಎಲ್ಲ ಬಾಗಿಲಲ್ಲಿ ನಿಂತ ನಂಗೆ. ಒಂದಿನ ಒಬ್ಬ ಅಜ್ಜ ಎಕ್ಕಡ ಎಸೆದ. ಅದು ಕಿಟಕೀಲಿ ತೂರಿ ಒಳಗೆ ಕುಂತೋರ ತೊಡೆ ಮೇಲೆ ಬಿತ್ತು. ಸಂಜೆ ಮರದತ್ರ ನಿಲ್ಸಿ ವಾಪಸ್ ಕೊಟ್ವಿ. ಅಜ್ಜ ಇಡೀ ದಿನ ಒಂದೇ ಎಕ್ಕಡದಲ್ಲಿ ಹೊಳಲ್ಕೆರೆ ಸಂತೆ ಸುತ್ತಿ ಬಂದಿದ್ದ.

ಹೊಳಲ್ಕೆರೇಲಿ ಒಬ್ರು ಮೇಷ್ಟ್ರು ಹತ್ತೋರು, ದುರ್ಗದ ಕಾಲೇಜಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡೋರು. ಚಂದ್ರವಳ್ಳಿ ಗುಹೇಲಿ ಬಾವಲಿ ನೋಡಾಕೆ ಹೋಗ್ತಿದ್ರು ಅಂತ ನಾನು ಅವರಿಗೆ ಬಾವಲಿ ಮೇಷ್ಟ್ರು ಅಂತ ಹೆಸರಿಟ್ಟಿದ್ದೆ. ಅವರಿಗೆ ಗೊತ್ತಾಗಿ ಖುಷಿ ಪಟ್ರು. ಡ್ರೈವರ್ ಪಕ್ಕದ ಸೀಟಲ್ಲಿ ಕುಂತು, ನಾವು ಮರ ಬಿಡೋ ವಿಚಾರ ಕೇಳಿ ತೊಡೆ ತಟ್ಕಂಡು ನಕ್ಕಿದ್ರು. ಯಾವ್ದೋ ದೂರದ ದೇಶದಲ್ಲಿ ರಕ್ತ ಕುಡಿಯೋ ಬಾವಲಿ ಅವಂತೆ. ಒಂದು ರಾತ್ರಿ ಊಟ ಸಿಗದೆ ಬಂದ ಬಾವಲಿಗೆ ಪಕ್ಕದ್ದು ತಾನು ಕುಡಿದಿದ್ರಲ್ಲೇ ಸ್ವಲ್ಪ ಕಕ್ಕಿ ಕೊಡ್ತೈತಂತೆ. ಇನ್ನೊಂದಿನ ಇದಕ್ಕೆ ಸಿಗದಿದ್ರೆ ಅದು ಕೊಡ್ತೈತೆ. ತಿಂದು ಕೊಡದಿರೋ ಬಾವಲಿಗೆ ಆಮೇಲೆ ಕೊಡೋರು ಕಮ್ಮಿ. ನಮ್ಮ ಬಸ್ಸಲ್ಲಿ ಕಕ್ಕೋದಕ್ಕೆ ಬಾವಲಿ ಯಾಕೆ ಸಾರ್ ಅಂತ ನಾನಂದೆ. ಇಡೀ ಬಸ್ಸು ನಕ್ತು. ರುದ್ರಣ್ಣ ಮಾತ್ರ ರಸ್ತೆ ನೋಡ್ತಾನೇ ಕೇಳಿದ.

“ಹಂಗಾದ್ರೆ ಅವೂ ಒಳ್ಳೇವು ಅನ್ರಿ.”

“ಒಳ್ಳೇವು ಅಂತ ಅಲ್ಲ ರುದ್ರಣ್ಣ. ನಾಳೆನೂ ಅದೇ ಗುಹೇಲಿ ಅದೇ ಮುಖ ನೋಡ್ಬೇಕಲ್ಲ, ಅದಕ್ಕೆ.”

ಇದನ್ನ ಕಂಪ್ಯೂಟರಲ್ಲೂ ಆಟ ಆಡಿಸಿ ನೋಡವ್ರಂತೆ. ಒಬ್ಬೊಬ್ರು ಒಂದೊಂದು ಉಪಾಯ ಕಳಿಸಿದ್ರಂತೆ, ಕಳ್ಳ ಉಪಾಯ, ಅತಿ ಬುದ್ಧಿವಂತ ಉಪಾಯ, ಎಲ್ಲ. ಗೆದ್ದಿದ್ದು ಮಾತ್ರ ಭಾಳ ಸಣ್ಣದು. ಮೊದ್ಲು ತಾನಾಗಿ ಕೆಡಿಸ್ಬಾರ್ದು, ಆಮೇಲೆ ಎದುರಿನೋನು ಏನು ಮಾಡಿದ್ನೋ ಅದನ್ನೇ ವಾಪಸ್ ಮಾಡೋದು. ನಾನು ಅದನ್ನೂ ತಮಾಷೆ ಮಾಡಿದೆ, ಕಂಪ್ಯೂಟರಿಗೂ ಸೀಟಿ ಕೊಡ್ಸಿ ಸಾರ್ ಅಂತ. ತಲೆಗೆ ಹಾಕ್ಕಣ್ಲಿಲ್ಲ. ಹಾಕ್ಕಂಡಿದ್ರೆ ಇವತ್ತು ಪಂಚರ್ ಅಂಗಡೀಲಿ ಇರ್ತಿರ್ಲಿಲ್ಲ.

ಆ ಸಂಜೆಗೆ ಬರ್ತೀನಿ. ಇಲ್ಲಿವರೆಗೂ ಸುತ್ತಾಡಿದ್ದು ಇದಕ್ಕೆ ಬರಾಕೆ ಹೆದರಿಕೇಗೇ.

ನಾವು ದುರ್ಗದಿಂದ ವಾಪಸ್ ಬರ್ತಿದ್ವಿ, ನೀಲಿ ಬಸ್ಸು ಮುಂದೆ ಹೋಗಿತ್ತು. ಹುಣಸೆಮರಕ್ಕೆ ಮುಂಚೆ ಒಂದು ದಿಬ್ಬ ಬರ್ತೈತೆ, ಅಲ್ಲಿಂದ ರಸ್ತೆ ನೂಲು ಎಳ್ದಂಗೆ ನೆಟ್ಟಗೆ ಕಾಣ್ತೈತೆ. ರುದ್ರಣ್ಣಂಗೆ ಗಾಜಿಗೆ ಇಳಿಬಿಸಿಲು ಹೊಡೆದು ದೂರದ್ದು ಕಾಣ್ತಿರ್ಲಿಲ್ಲ, ನಾನು ಬಾಗಿಲಲ್ಲಿ ನೇತಾಡ್ತಾ ನೋಡ್ದೆ. ನೀಲಿ ಬಸ್ಸು ಮರದ ಕೆಳಗೆ ನಿಂತೈತೆ. ಒಂದು ಸೀರೆ ಹತ್ತಿದಂಗಾಯ್ತು. ಒಂದು ಗಂಟು. ಬಸ್ಸು ಹೊರಡ್ತು.

ನಂಗೆ ಕಂಡಿದ್ದು ಅಷ್ಟೇ. ಒಂದು ಸೀರೆ, ಒಂದು ಗಂಟು.

ನಾವು ಮರದತ್ರ ಬಂದ್ವಿ. ದಿನಾ ಹತ್ತೆಂಟು ಜನ ಇರೋ ಜಾಗದಲ್ಲಿ ಒಂದು ನರಪಿಳ್ಳೆ ಇಲ್ಲ. ರುದ್ರಣ್ಣ ನಿಲ್ಸಿ, ಕನ್ನಡೀಲಿ ನನ್ನ ನೋಡಿದ. ಏನು ಅಂತ ಹುಬ್ಬು ಹಾರಿಸ್ದ. ಆಗ ನನ್ನ ಬಾಯಿ ತಾನಾಗೇ ತೆರಕಂತು. ಬಸಣ್ಣ ಬಾಚ್ಕಂಡು ಹೋದ ಅಂದೆ. ಎಷ್ಟು ಅಂತ ಕೇಳಿದ. ಹತ್ತು ಜನ ಅಂದೆ.

“ನೀನೇ ನೋಡಿದ್ಯಾ?”

“ಇದೇ ಕಣ್ಣಲ್ಲಿ ರುದ್ರಣ್ಣ.”

ಆತ ಹೂಂ ಅನ್ಲಿಲ್ಲ. ಗೇರ್ ಹಾಕಿದ ಸದ್ದಲ್ಲೇ ಎಲ್ಲ ಗೊತ್ತಾಯ್ತು.

ಹೊಸದುರ್ಗ ಬಸ್‌ಸ್ಟ್ಯಾಂಡ್ ತಲುಪಿ, ಟೀ ಅಂಗಡಿ ಮುಂದೆ ಅದನ್ನೇ ಮತ್ತೆ ಹೇಳಿದೆ. ಅಲ್ಲಿ ಸಂಜೆ ಎಲ್ಲ ಬಸ್ಸಿನೋರೂ ಸೇರ್ತಿದ್ರು, ನಂಗೆ ಅದೇ ಸ್ಟೇಜು. ಹತ್ತು ಜನ ಹದಿನೈದಾದ್ರು. ಯಾರೋ ನಕ್ರು. ಇಪ್ಪತ್ತಾದ್ರು. ಕೋಳಿ ಬಂತು. ಬೆಂಚಿನ ಮೇಲೆ ಹತ್ತಿ, ಕಿಟಕೀಲಿ ಕೋಳಿ ತೂರಿಸೋದು ಹೆಂಗೆ, ಕೋಳಿ ಟಿಕೆಟ್ ಕೇಳೋದು ಹೆಂಗೆ, ಎಲ್ಲ ಮಾಡಿ ತೋರಿಸ್ದೆ. ಕೊನೆಗೆ ಮೂವತ್ತು ಜನ, ಏಳು ಕೋಳಿ, ಒಂದು ಹೋತ, ಹೋತಕ್ಕೆ ಬಸಣ್ಣನ ಪಕ್ಕದ ಸೀಟು. ಬಸಣ್ಣನಂಗೆ ಹೊಟ್ಟೆ ಮುಂದೆ ಮಾಡಿ ಹೋತಕ್ಕೆ “ಕುಂತ್ಕಳ್ರಿ ಯಜಮಾನ್ರೇ” ಅಂದಾಗ ಟೀ ಅಂಗಡಿಯೋನು ನಗ್ತಾ ಹಾಲು ಉಕ್ಕಿಸ್ಬಿಟ್ಟ. ಚಪ್ಪಾಳೆ ಬಿತ್ತು. ನನ್ನ ಸರ್ವೀಸಲ್ಲೇ ಅದು ಭಾರಿ ಆಟ.

ಮಾರ್ನೇ ಬೆಳಗ್ಗೆ ರುದ್ರಣ್ಣ ಹುಣಸೆಮರದತ್ರ ಬ್ರೇಕ್ ಒತ್ತಿದ. ಇದ್ದ ಜನಾನೆಲ್ಲ ಹತ್ತಿಸ್ಕಂಡ. ಅಷ್ಟಕ್ಕೆ ಬಿಡ್ಲಿಲ್ಲ, ಹೊಲದಲ್ಲಿ ಬರ್ತಿದ್ದೋರಿಗೂ ಕಾದ. ಸಂಜೆ ಬಸಣ್ಣ ಅದನ್ನೇ ಮಾಡಿದ. ಅಲ್ಲಿಂದ ಶುರು ನೋಡ್ರಿ. ಇವತ್ತು ನಾವು ಬಾಚಿದ್ರೆ ಸಂಜೆ ಅವರು. ಅವರು ಬಾಚಿದ್ದಕ್ಕೆ ನಾಳೆ ನಾವು. ಯಾರು ಮೊದ್ಲು ಅನ್ನೋದು ಯಾರಿಗೂ ಬೇಡವಾಯ್ತು, ಹಿಂದಿನ ಏಟಿಗೆ ಇವತ್ತಿನ ಏಟು. ಹಿಂದಿದ್ದೋರು ಮುಂದೆ ನುಗ್ಗಾಕೆ ಹೋಗೋರು. ಒಂದಿನ ಎರಡೂ ಬಸ್ಸು ಪಕ್ಕಪಕ್ಕ ಓಡಿ ಕನ್ನಡಿ ಕನ್ನಡಿ ತಾಕಿ ಎರಡೂ ಚೂರಾದ್ವು. ಟೀ ಅಂಗಡೀಲಿ ಹಳದಿಯೋರಿಗೆ ಒಂದು ಬೆಂಚು, ನೀಲಿಯೋರಿಗೆ ಇನ್ನೊಂದು. ಬೆಲ್ಟ್ ಕಿತ್ತು ನಿಂತಿದ್ದ ನೀಲಿ ಬಸ್ಸನ್ನ ದಾಟಿ ನಾವು ಹಾರ್ನ್ ಹೊಡ್ಕಂತ ಹೋದ್ವಿ. ಒಳಗಿದ್ದ ಹೆಂಗಸರು ಕಿಟಕೀಲಿ ನಮ್ಮನ್ನೇ ನೋಡ್ತಿದ್ರು. ನಾನು ಕೈ ಬೀಸಿದೆ. ಆಗ ನಗು ಬಂದಿತ್ತು.

ಇಬ್ಬರ ಜಗಳ ಯಾರೋ ನೋಡ್ತಾನೇ ಇದ್ರು ಅನ್ಸುತ್ತೆ. ಹಿರಿಯೂರು ಕಡೆಯಿಂದ ಒಂದು ಮ್ಯಾಕ್ಸಿಕ್ಯಾಬ್ ಬಂದು ನಮ್ಮ ರೋಡಿಗೆ ಇಳೀತು. ಅದಕ್ಕೆ ಟೈಮಿಲ್ಲ, ಸ್ಟಾಪಿಲ್ಲ, ಮರ ಇಲ್ಲ. ಕೈ ಎತ್ತಿದ್ರೆ ನಿಲ್ಲುತ್ತೆ, ಎತ್ತದಿದ್ರೂ ನಿಲ್ಲುತ್ತೆ. ಮುಂಚೆ ಆಗಿದ್ರೆ ನಾವಿಬ್ರೂ ಸೇರಿ ಅದನ್ನ ಮಧ್ಯ ಸಿಗಿಸಿ ವಾಪಸ್ ಕಳಿಸ್ತಿದ್ವಿ. ಈಗ ನಾವು ನಾವೇ ಪೈಪೋಟಿ ಮೇಲೆ ಓಡೋ ಅವಸರದಲ್ಲಿ ಜನಾನ ಬಿಟ್ಟು ಹೋಗ್ತಿದ್ವಿ, ಅದು ನಿಧಾನಕ್ಕೆ ಆರಿಸ್ಕಂತಿತ್ತು. ನಮ್ಮ ಬಸ್ಸಿನ ಸಾವ್ಕಾರ ದುರ್ಗದಲ್ಲಿ ರುದ್ರಣ್ಣನ್ನ ಕರ್ಸಿ, ಹಬ್ಬದೊಳಗೆ ಸರಿ ಹೋಗದಿದ್ರೆ ಬಸ್ಸು ಮಾರ್ತೀನಿ ಅಂದ. ಆವತ್ತು ರುದ್ರಣ್ಣ ಸ್ಟೇರಿಂಗ್ ಒರೆಸೋ ಬಟ್ಟೆ ಹಿಡ್ಕಂಡು ಭಾಳ ಹೊತ್ತು ಬರೀ ಒರೆಸ್ತಾನೇ ಇದ್ದ.

ಬಾವಲಿ ಮೇಷ್ಟ್ರು ಕನ್ನಡಿ ಇಲ್ಲದ ಬಸ್ಸು ನೋಡಿ ಏನಾಯ್ತಪ್ಪ ಅಂದ್ರು. ತಿಪ್ಪೇಸ್ವಾಮಿ ಹೇಳಿದ. ಮೇಷ್ಟ್ರು ನಗಲಿಲ್ಲ. ಆ ಏಟಿಗೆ ಏಟು ಕೊಡೋ ಆಟಕ್ಕೆ ಒಂದೇ ರೋಗ ರುದ್ರಣ್ಣ ಅಂದ್ರು. ಒಬ್ಬ ಒಂದ್ಸಲ ತಪ್ಪಾಗಿ ನೋಡಿದ್ರೆ ಸಾಕು, ಆಮೇಲೆ ಇಬ್ಬರದೂ ಸರೀನೇ, ಆದ್ರೂ ಮುಗಿಯೋದೇ ಇಲ್ಲ. ಯಾರಾದ್ರೂ ಒಬ್ರು ಒಂದು ಏಟು ಸುಮ್ನೆ ನುಂಗ್ಬೇಕು, ಆಗ ನಿಲ್ಲುತ್ತೆ. ಆತನೇ ನುಂಗ್ಲಿ ಅಂದ ರುದ್ರಣ್ಣ, ಶುರು ಮಾಡಿದ್ದು ಆತ. ನಾನು ಬಾಗಿಲಲ್ಲಿ ನಿಂತು ಹೊರಗೆ ನೋಡ್ದೆ. ಹೊರಗೆ ನೋಡೋದು ಕ್ಲೀನರ್ ಕೆಲಸ ಅಲ್ವಾ.

ಆದ್ರೂ ಅವಾಗ್ಲೂ ನಂಗೆ ಅಷ್ಟು ಅನಿಸ್ಲಿಲ್ಲ. ಬಸಣ್ಣ ಹತ್ತಿಸ್ಕಂಡಿದ್ದಂತೂ ನಿಜ, ಒಂದೋ ಹತ್ತೋ, ಕೆಡಿಸಿದ್ದು ಕೆಡಿಸಿದ್ದೇ ಅನ್ಕಂಡಿದ್ದೆ.

ಅಮಾವಾಸ್ಯೆ ದಿನ ಬಸ್ಸು ತೆಗೀತಿರ್ಲಿಲ್ಲ. ಖಾರ ಮಂಡಕ್ಕಿ ಕಟ್ಟಿಸ್ಕಂಡು ಊರಿಗೆ ಹೋದೆ. ನಮ್ಮೂರು ಹುಣಸೆಮರದಿಂದ ಒಳಗೆ ನಡೀಬೇಕು. ಅವ್ವಂಗೆ ದಮ್ಮಿನ ಕಾಯಿಲೆ ಮೊದ್ಲಿಂದ ಐತೆ. ಮಂಡಕ್ಕಿ ತಟ್ಟೆಗೆ ಸುರೀತಾ ಕೇಳಿದ್ಲು.

“ನಿಮ್ಮ ನೀಲಿ ಬಸ್ಸಿನ ದಪ್ಪನೆ ಡ್ರೈವರ್ ಅರಾಮವ್ನೇನಪ್ಪ?”

ಅವ್ವನ ಲೆಕ್ಕದಲ್ಲಿ ಹಳದಿ, ನೀಲಿ ಎಲ್ಲ ಒಂದೇ ಮನೇದು. ನಿಂಗೆ ಹೆಂಗೆ ಗೊತ್ತವ್ವ ಅಂದೆ. ಆಗ ಹೇಳಿದ್ಲು. ಮಾಡದಕೆರೇಲಿ ಮದುವೆ ಅಂತ ಅವತ್ತು ಊರೋರೆಲ್ಲ ಟ್ರ್ಯಾಕ್ಟರಲ್ಲಿ ಹೋಗಿದ್ರಂತೆ. ಉಸಿರು ಎಳಿತೈತೆ ಅಂತ ಅವ್ವ ಒಬ್ಳೇ ಉಳಕಂಡಿದ್ಲು. ಸಂಜೆ ಹೆಚ್ಚಾಯ್ತು. ಆಸ್ಪತ್ರೆಗೆ ಹೋಗಾಣ ಅಂತ ಬಟ್ಟೆ ಗಂಟು ಕಟ್ಕಂಡು ಮರದ ತನಕ ಹೆಂಗೋ ನಡೆದವಳು ಅಲ್ಲೇ ಕುಸಿದು ಕುಂತ್ಲು. ನೀಲಿ ಬಸ್ಸು ಮುಂದಕ್ಕೆ ಹೋಗಿತ್ತು, ಇವಳನ್ನ ನೋಡಿ ಹಿಂದಕ್ಕೆ ಬಂತು. ಡ್ರೈವರೇ ಇಳಿದು ರಟ್ಟೆ ಹಿಡ್ಕಂಡು ಹತ್ತಿಸ್ದ. ಎಲ್ಲೂ ನಿಲ್ಲಿಸ್ದೆ ಹೊಸದುರ್ಗದ ಆಸ್ಪತ್ರೆ ಬಾಗಿಲಿಗೇ ಬಸ್ಸು ತಗಂಡು ಹೋದ. ಅವತ್ತು ರಾತ್ರಿ ಅವ್ವ ಅಲ್ಲೇ ಮಲಗಿದ್ಲು, ಬೆಳಗ್ಗೆ ವಾಪಸ್ ಬಂದ್ಲು.

“ನಂಗ್ಯಾಕೆ ಹೇಳಿ ಕಳಿಸ್ಲಿಲ್ಲ?”

“ನನ್ನ ಮಗ ಹಳದಿ ಬಸ್ಸಲ್ಲಿ ಅವ್ನೆ ಅಂದೆ ಕಣೋ. ಆಯಪ್ಪ ಹೇಳ್ತೀನಿ ಅಂದ. ನಾನೇ ಬ್ಯಾಡ ಅಂದೆ, ಡ್ಯೂಟಿ ಬಿಟ್ಟು ಓಡಿ ಬರ್ತೀಯ ಅಂತ.”

ಹೊಸದುರ್ಗದ ಆಸ್ಪತ್ರೆಗೂ ಬಸ್‌ಸ್ಟ್ಯಾಂಡಿಗೂ ಕೂಗಿದ್ರೆ ಕೇಳೋ ದೂರ. ನನ್ನ ಗಂಟಲು ಕೋಟೆ ಮೇಲಿನ ಕೋತಿಗಳಿಗೆ ಕೇಳುತ್ತೆ ಅಂತ ಜಂಬ ಕೊಚ್ತಿದ್ನಲ್ಲ. ಅವತ್ತು ಸಂಜೆ ಅದು ಅವ್ವನ ಮಂಚಕ್ಕೂ ಕೇಳಿರ್ಬೇಕು. ನಾನು ಕೋಳಿ ಆಗಿದ್ದೆ.

ಮಂಡಕ್ಕಿ ತಟ್ಟೇನ ಅವ್ವನ ಕಡೆಗೇ ತಳ್ಳಿದೆ.

ಮಾರ್ನೇ ದಿನ ಹೋಗಿ ರುದ್ರಣ್ಣಂಗೆ ಹೇಳ್ಬಿಡ್ತೀನಿ ಅಂತ ದಾರಿ ಪೂರ್ತಿ ಬಾಯಿಪಾಠ ಮಾಡ್ಕಂಡೆ. ಆತ ಬಾನೆಟ್ ಎತ್ತಿ ಇಂಜಿನ್ ನೋಡ್ತಿದ್ದ. ಹಿಂದೆ ಹೋಗಿ ನಿಂತೆ. ಏನಲೇ ಅಂದ. ನೀರು ಹಾಕ್ಲಾ ಅಂದೆ. ಸಂಜೆ ಟೀ ಅಂಗಡೀಲಿ ಯಾರೋ ಹೊಸಬರು ಬಂದಿದ್ರು. ಲೇ ಮಂಜ, ಆ ಹೋತದ ಆಟ ಮಾಡಲೇ ಅಂದ್ರು. ಆಗಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಬೆಂಚು ಹತ್ತಿದೆ. ಮಾಡಿದೆ. ಎಲ್ಲ ಗೊತ್ತಿದ್ದೂ ಮಾಡಿದೆ. ಇದೊಂದನ್ನ ಯಾರಿಗೂ ತಮಾಷೆ ಮಾಡಿ ಹೇಳಾಕೆ ಇವತ್ತಿಗೂ ನಂಗೆ ಆಗಿಲ್ಲ.

ಹಬ್ಬ ಹತ್ರ ಬಂತು. ಒಂದು ಬೆಳಗ್ಗೆ ಮರದತ್ರ ಇದ್ದೋರನ್ನೆಲ್ಲ ಬಾಚ್ಕಂಡು ಸ್ವಲ್ಪ ದೂರ ಹೋಗಿದ್ವಿ, ಫ್ಯಾನ್ ಬೆಲ್ಟ್ ಕಿತ್ತು ಇಂಜಿನ್ ಹೊಗೆಯಾಡ್ತು. ಬಸ್ಸು ತುಂಬ ಜನ, ಸಂತೆ ಬುಟ್ಟಿ, ಮಕ್ಕಳು. ಬಿಸಿಲು ಏರ್ತಿತ್ತು. ರುದ್ರಣ್ಣ ಬಾನೆಟ್ ಒಳಗೆ ತಲೆ ಇಕ್ಕಿದೋನು ಎತ್ತಲೇ ಇಲ್ಲ. ಹಿಂದೆ ಬರೋದು ಯಾವ ಬಸ್ಸು ಅಂತ ಆತಂಗೂ ಗೊತ್ತು, ನಂಗೂ ಗೊತ್ತು.

ನೀಲಿ ಬಸ್ಸು ಬಂತು. ಅರ್ಧಕ್ಕರ್ಧ ಖಾಲಿ, ನಾವೇ ಖಾಲಿ ಮಾಡಿದ್ದು. ನಮ್ಮ ಪಕ್ಕದಲ್ಲೇ ಹಾದು ಧೂಳೆಬ್ಬಿಸ್ಕಂಡು ಮುಂದಕ್ಕೆ ಹೋಯ್ತು. ತಪ್ಪೇನೂ ಇಲ್ಲ, ನಾವು ಹಾರ್ನ್ ಹೊಡ್ಕಂಡು ಹೋಗಿದ್ವಲ್ಲ. ನಾನು ಧೂಳಿಗೆ ಕಣ್ಣು ಮುಚ್ಕಂಡೆ. ಕಣ್ಣು ಬಿಡೋ ಮುಂಚೆ ರಿವರ್ಸ್ ಗೇರಿನ ಸದ್ದು ಕೇಳ್ತು.

ಬಸಣ್ಣ ಇಳಿದ. ಯಾರ ಮುಖಾನೂ ನೋಡದೆ, ಎಲ್ರೂ ಹತ್ರಪ್ಪ, ಟಿಕೆಟ್ ಆಗಿರೋರು ಮತ್ತೆ ತಗಳದು ಬ್ಯಾಡ ಅಂದ. ಜನ ಬುಟ್ಟಿ ಎತ್ಕಂಡು ಆ ಬಸ್ಸಿಗೆ ಹತ್ತಿದ್ರು. ಬಸಣ್ಣ ತನ್ನ ಸೀಟಿನ ಅಡಿಯಿಂದ ಒಂದು ಬೆಲ್ಟ್ ತಂದು ರುದ್ರಣ್ಣನ ಕೈಗೆ ಕೊಡ್ಲಿಲ್ಲ, ಬಾನೆಟ್ ಮೇಲೆ ಇಟ್ಟ. ಆಮೇಲೆ ನನ್ನ ಕಡೆ ತಿರುಗಿದ.

“ಎಷ್ಟು ಜನ ಹತ್ತಿದ್ರು ಎಣಿಸಿ ಹೇಳಪ್ಪ. ನಿನ್ನ ಎಣಿಕೆ ಜಿಲ್ಲೆಗೇ ಹೆಸರುವಾಸಿ.”

ಕಿಟಕೀಲಿದ್ದೋರು ಕಿಸಕ್ಕಂತ ನಕ್ರು. ನನ್ನ ಕಥೆ ಅವರಿಗೂ ಗೊತ್ತಿತ್ತು.

“ಒಬ್ರು,” ಅಂದೆ.

“ಏನು?”

“ಅವತ್ತು ಸಂಜೆ ಮರದತ್ರ ಹತ್ತಿದ್ದು ಒಬ್ರೇ. ನಮ್ಮವ್ವ.”

ಬಾನೆಟ್ ಒಳಗೆ ಸ್ಪ್ಯಾನರ್ ಸದ್ದು ನಿಂತೋಯ್ತು. ಬಸಣ್ಣ ನನ್ನ ನೋಡ್ದ. ಕೋಪ ಇದ್ದಿದ್ರೆ ಚೆನ್ನಾಗಿರ್ತಿತ್ತು.

“ಗೊತ್ತು ಕಣಪ್ಪ. ನಿಮ್ಮವ್ವ ಬ್ಯಾಡ ಅಂದ್ರೂ ಮನಸ್ಸು ತಡೀಲಿಲ್ಲ, ಹೇಳಾಣ ಅಂತ ಅವತ್ತೇ ಬಂದೆ. ಟೀ ಅಂಗಡಿ ಹಿಂದೆ ನಿಂತಿದ್ದೆ. ನೀನು ಹೋತಕ್ಕೆ ಸೀಟು ಕೊಡ್ತಿದ್ದೆ. ಅಷ್ಟು ಜನದ ಮುಂದೆ ಹೇಳಿದ್ರೆ ನಿನ್ನ ಗತಿ ಏನು ಅಂತ ಹಂಗೇ ಹೋದೆ.”

ರುದ್ರಣ್ಣ ತಲೆ ಎತ್ತಿದ. ಮುಖಕ್ಕೆಲ್ಲ ಮಸಿ.

“ನಂಗಾದ್ರೂ ಹೇಳಬಹುದಿತ್ತಲ್ಲ ಬಸಣ್ಣ.”

“ನೀನು ಕೇಳಬಹುದಿತ್ತಲ್ಲ.”

ಬಸಣ್ಣ ಗಾಡಿ ತಗಂಡು ಹೋದ. ನಾವಿಬ್ರೂ ಬೆಲ್ಟ್ ಹಾಕಿದ್ವಿ. ಆ ಟ್ರಿಪ್ ಪೂರ್ತಿ ರುದ್ರಣ್ಣ ನನ್ನ ಕನ್ನಡೀಲಿ ನೋಡ್ಲಿಲ್ಲ. ಕನ್ನಡಿ ಒಡೆದಿತ್ತು ಅಂತ ನಾನು ಸಮಾಧಾನ ಮಾಡ್ಕಂಡೆ, ಆದ್ರೆ ಒಡೆದಿದ್ದು ಹೊರಗಿನದು, ನನ್ನ ನೋಡ್ತಿದ್ದದ್ದು ಒಳಗಿನದ್ರಲ್ಲಿ.

ಹೊಸ ಹುಡುಗರೇ, ಬಸ್ಸು ಕಲಿಯೋದಕ್ಕೆ ಡ್ರೈವರನ್ನ ನೋಡ್ರಿ, ಕಂಡಕ್ಟರನ್ನ ನೋಡ್ರಿ. ಆದ್ರೆ ಎರಡು ಬಸ್ಸಿನ ಮಧ್ಯ ಇರೋ ರಸ್ತೆ ನಿಮ್ಮ ಕೈಲಿರ್ತೈತೆ. ಡ್ರೈವರ್ ಮುಂದೆ ನೋಡ್ತಾನೆ. ಪಕ್ಕ, ಹಿಂದೆ, ದೂರದಲ್ಲಿ ಏನಾಯ್ತು ಅಂತ ಆತಂಗೆ ಹೇಳೋದು ನೀವು. ನೀವು ಒಂದನ್ನ ಹತ್ತು ಅಂದ್ರೆ ಆತ ಹತ್ತಕ್ಕೇ ಬ್ರೇಕ್ ಒತ್ತುತಾನೆ. ನಾನು ಈಗ ಪಂಚರ್ ಅಂಗಡೀಲಿ ಟ್ಯೂಬಿಗೆ ಎರಡು ತೂತು ಇದ್ರೆ ಎರಡ್ಸಲ ನೀರಲ್ಲಿ ಮುಳುಗಿಸಿ ನೋಡಿ ಆಮೇಲೆ ಎರಡು ಅಂತೀನಿ. ಸೋದರಮಾವ ನನ್ನ ಮಂದ ಅನ್ಕಂಡವ್ನೆ. ಅನ್ಕಳ್ಲಿ.

ಆ ಹಬ್ಬಕ್ಕೆ ಬಸ್ಸು ಮಾರ್ಲಿಲ್ಲ. ಹಬ್ಬ ಆದ ಮೇಲೆ ನಾನೇ ಸೀಟಿ ವಾಪಸ್ ಕೊಟ್ಟು ಇಳಿದೆ, ಆ ಟೀ ಅಂಗಡಿ ಮುಂದೆ ದಿನಾ ನಿಲ್ಲಾಕೆ ಆಗ್ಲಿಲ್ಲ. ಅದಕ್ಕೂ ಮುಂಚೆ, ಬೆಲ್ಟ್ ಕಿತ್ತ ಮಾರ್ನೇ ಬೆಳಗ್ಗೆ ನಡೆದಿದ್ದು ಹೇಳಿ ಮುಗಿಸ್ತೀನಿ.

ದಿಬ್ಬದ ಕಡೆಗೆ ಹುಣಸೆಮರ ಕಾಣಿಸ್ತು. ಹತ್ತು ಹನ್ನೆರಡು ಜನ. ಎಣಿಸ್ದೆ, ಹನ್ನೊಂದು. ರುದ್ರಣ್ಣ ಗಾಡಿ ನಿಧಾನ ಮಾಡಿದ. ನಿಲ್ಲಿಸ್ಲಿಲ್ಲ, ಬಿಡ್ಲೂ ಇಲ್ಲ. ಒಳಗಿನ ಕನ್ನಡೀಲಿ ನನ್ನ ನೋಡ್ದ. ಬೆಲ್ಟ್ ಕಿತ್ತ ಮೇಲೆ ಅದೇ ಮೊದಲ್ನೇ ಸಲ. ಹೇಳು ಅನ್ನಂಗೆ. ಸೀಟಿ ನನ್ನ ಬಾಯಲ್ಲಿತ್ತು. ಆಗ ಕಂಡೆ, ಹನ್ನೊಂದ್ನೇದು ನಮ್ಮವ್ವ. ಹೊಳಲ್ಕೆರೆಗೆ ಔಷಧಿ ತರಾಕೆ ಬಂದವಳು, ಮಗನ ಬಸ್ಸು ಅಂತ ಎಲ್ರನ್ನೂ ಪಕ್ಕಕ್ಕೆ ಸರಿಸಿ ಮುಂದೆ ಬಂದು ಕೈ ಅಡ್ಡ ಹಾಕವ್ಳೆ. ಮುಖ ತುಂಬ ನಗು.

ಎರಡು ಸೀಟಿ ಊದಿದೆ.

ಅವ್ವನ ಕೈ ಹಂಗೇ ನಿಂತಿದ್ದು ಇನ್ನೂ ಕಣ್ಣಲ್ಲೈತೆ. ಹಿಂದೆ ಬರ್ತೈತೆ, ಹಿಂದೆ, ಅಂತ ಕೈ ಮಾಡಿದೆ. ಕಂಡಿರ್ಲಿಕ್ಕಿಲ್ಲ.

ಹೊಳಲ್ಕೆರೇಲಿ ನಾವು ನಿಂತಿದ್ದಾಗ ನೀಲಿ ಬಸ್ಸು ಬಂತು. ಅವ್ವ ಇಳಿದವಳೇ ಇಡೀ ಬಸ್‌ಸ್ಟ್ಯಾಂಡಿಗೆ ಕೇಳಂಗೆ ಶುರು ಮಾಡಿದ್ಲು. ಹೆತ್ತ ತಾಯಿ ಕೈ ಅಡ್ಡ ಹಾಕಿದ್ರೂ ಪೀಪಿ ಊದ್ಕಂಡು ಹೋದ್ನಲ್ಲ, ಅಷ್ಟು ಸೀಟು ಖಾಲಿ ಇಟ್ಕಂಡು ಹೋದ್ನಲ್ಲ ಅಂತ. ಎಲ್ರೂ ನಗ್ತಿದ್ರು. ಗಂಟಲು ನಂಗೆ ಯಾರ ಕಡೆಯಿಂದ ಬಂತು ಅಂತ ಅವತ್ತು ಊರಿಗೇ ಗೊತ್ತಾಯ್ತು. ಯಾಕೆ ಹೋದೆ ಅಂತ ಹೇಳ್ಬೇಕಂದ್ರೆ ಎಲ್ಲ ಹೇಳ್ಬೇಕು. ತಲೆ ಬಗ್ಗಿಸಿ ನಿಂತೆ.

ಬಸಣ್ಣ ಸೀಟಲ್ಲಿ ಕುಂತೇ ಕಿಟಕೀಲಿ ಬಗ್ಗಿ ಹೇಳಿದ.

“ಬಿಡಮ್ಮ. ನಿನ್ನ ಮಗ ಸರಿಯಾಗೇ ಮಾಡವ್ನೆ. ನೀನು ನಮ್ಮ ಬಸ್ಸಿನೋಳು.”

ಅವ್ವಂಗೆ ಅರ್ಥ ಆಗ್ಲಿಲ್ಲ. ನಾನು ಬಟ್ಟೆ ತಗಂಡು ಬಸ್ಸಿನ ಮುಂದಿನ ಗಾಜು ಒರೆಸಾಕೆ ಶುರು ಮಾಡಿದೆ. ಬೆಳಗ್ಗೆನೇ ಒರೆಸಿದ್ದೆ, ಒಂದು ಕಲೇನೂ ಇರ್ಲಿಲ್ಲ. ರುದ್ರಣ್ಣ ಒಳಗಿಂದ ನೋಡ್ತಾ ಕುಂತಿದ್ದ. ಹೊರಡೋ ಟೈಮು ಆಗಿ ಹೋಗಿತ್ತು. ನಾನು ಮುಖ ತಿರುಗಿಸೋ ತನಕ ಹಾರ್ನ್ ಮಾಡ್ಲಿಲ್ಲ.